ಊರ ದೇವಸ್ಥಾನದ ಚರಿತ್ರೆಯನ್ನೂ ಹಬ್ಬವನ್ನೂ ಬರೆದಿಡುವ ಕ್ರಮ: ಮಂಡ್ಯ–ಮೈಸೂರು ಸೀಮೆಯವರಿಗೊಂದು ಸಮಗ್ರ ಮಾರ್ಗದರ್ಶಿ

ಮಂಡ್ಯ ಮತ್ತು ಮೈಸೂರು ಜಿಲ್ಲೆಗಳಲ್ಲಿ ಹಳೆಯ ಗುಡಿಯಿಲ್ಲದ ಊರನ್ನು ಹುಡುಕುವುದೇ ಕಷ್ಟ. ಕಿಕ್ಕೇರಿಯ ಬ್ರಹ್ಮೇಶ್ವರ, ಬಸರಾಳಿನ ಮಲ್ಲಿಕಾರ್ಜುನ, ಹೊಸಹೊಳಲಿನ ಲಕ್ಷ್ಮೀನಾರಾಯಣ, ಸೋಮನಾಥಪುರದ ಕೇಶವ ಮುಂತಾದ ಪ್ರಸಿದ್ಧ ದೇವಾಲಯಗಳ ಬಗ್ಗೆ ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಆದರೆ ಊರ ಮುಂದಿನ ಈಶ್ವರನ ಗುಡಿ, ಕೆರೆ ಏರಿಯ ಮೇಲಿನ ಮಾರಮ್ಮ, ಹೊಲದ ನಡುವೆ ನಿಂತಿರುವ ಬಸವನ ಕಂಬ ಇವುಗಳ ಬಗ್ಗೆ ಬರೆಯಬೇಕಾದವರು ಆಯಾ ಊರಿನವರೇ. ಈ ಕೆಲಸಕ್ಕೆ ಇಳಿಯುವವರು ಸಾಮಾನ್ಯವಾಗಿ ಕಲ್ಲಿನ ಕಟ್ಟಡಕ್ಕೆ ಗಮನ ಕೊಟ್ಟು, ಹಬ್ಬವನ್ನು ಕೊನೆಯ ಪುಟದಲ್ಲಿ ನಾಲ್ಕು ಸಾಲಿಗೆ ಮುಗಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇದು ಸರಿಯಲ್ಲ. ಗುಡಿಗೆ ಭೂಮಿ ಕೊಟ್ಟವರು ಯಾರೆಂಬುದನ್ನು ಶಾಸನ ಹೇಳುತ್ತದೆ. ಗುಡಿಯನ್ನು ಇಂದಿನವರೆಗೆ ಉಳಿಸಿಕೊಂಡು ಬಂದವರು ಯಾರೆಂಬುದು ಹಬ್ಬದ ದಿನ ಯಾರ ಮನೆಯಿಂದ ಏನು ಬರುತ್ತದೆ ಎಂಬುದರಲ್ಲಿ ಮಾತ್ರ ಕಾಣಸಿಗುತ್ತದೆ. ಕಲ್ಲು ಇನ್ನೂ ನೂರು ವರ್ಷ ನಿಲ್ಲಬಹುದು, ಹಬ್ಬದ ಕ್ರಮ ಬಲ್ಲ ಹಿರಿಯರು ನಿಲ್ಲುವುದಿಲ್ಲ. ಆದ್ದರಿಂದ ಎರಡನ್ನೂ ಒಟ್ಟಿಗೇ, ಸಮಾನ ಎಚ್ಚರದಿಂದ ದಾಖಲಿಸುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲ ಹಂತ: ಊರಿನವರ ಒಪ್ಪಿಗೆ

ಕ್ಯಾಮೆರಾ ಹಿಡಿದು ನೇರವಾಗಿ ಗುಡಿಯೊಳಗೆ ಹೋಗಬೇಡಿ. ಮೊದಲು ಊರಿನ ಯಜಮಾನರನ್ನು, ಅರ್ಚಕರನ್ನು ಅಥವಾ ಶಿವನ ಗುಡಿಯ ಪೂಜಾರಿಗಳಾದ ತಮ್ಮಡಿಗಳನ್ನು, ಗ್ರಾಮದೇವತೆಯ ಗುಡಿಯಾದರೆ ಅಲ್ಲಿಯ ಪೂಜಾರಿಯಾದ ಗುಡ್ಡಪ್ಪನವರನ್ನು ಕಂಡು, ಏನು ಮಾಡಬೇಕೆಂದಿದ್ದೀರಿ, ಅದು ಯಾರ ಕೈಗೆ ಸೇರುತ್ತದೆ ಎಂಬುದನ್ನು ಬಿಡಿಸಿ ಹೇಳಿ. ದೇವಸ್ಥಾನ ಸರ್ಕಾರದ ಮುಜರಾಯಿ ಇಲಾಖೆಗೆ ಸೇರಿದ್ದರೆ ತಾಲ್ಲೂಕು ಕಚೇರಿಗೆ ಒಂದು ಪತ್ರ ಕೊಟ್ಟಿರುವುದು ಒಳ್ಳೆಯದು. ಕೇಂದ್ರ ಅಥವಾ ರಾಜ್ಯ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕವಾಗಿದ್ದರೆ ಅಲ್ಲಿಯ ನಿಯಮಗಳನ್ನು ಮೊದಲೇ ಕೇಳಿ ತಿಳಿಯಿರಿ. ಗರ್ಭಗುಡಿಯ ಮೂಲವಿಗ್ರಹದ ಚಿತ್ರ ತೆಗೆಯಬಾರದೆಂದು ಅರ್ಚಕರು ಹೇಳಿದರೆ ಅಲ್ಲಿಗೆ ಬಿಡಿ. ವಿಗ್ರಹದ ಎತ್ತರ, ಕೈಗಳಲ್ಲಿನ ಆಯುಧಗಳು, ಕೆಳಗಿನ ಪೀಠವಾದ ಪಾಣಿಪೀಠದ ಆಕಾರ ಇವನ್ನು ಅವರಿಂದಲೇ ಕೇಳಿ ಬರೆದುಕೊಂಡರೆ ಕೆಲಸ ನಡೆಯುತ್ತದೆ.

ಎರಡನೆಯ ಹಂತ: ಅಚ್ಚಾಗಿರುವುದನ್ನು ಮೊದಲು ಓದುವುದು

ನಿಮ್ಮ ಊರಿನ ಶಾಸನವನ್ನು ಯಾರಾದರೂ ಈಗಾಗಲೇ ಓದಿರುವ ಸಾಧ್ಯತೆ ಬಹಳ ಇದೆ. ಬಿ. ಎಲ್. ರೈಸ್ ಅವರು ಸಂಪಾದಿಸಿದ ಶಾಸನಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ ಮೂರನೆಯ ಸಂಪುಟ 1894ರಲ್ಲಿಯೂ ನಾಲ್ಕನೆಯದು 1898ರಲ್ಲಿಯೂ ಹೊರಬಂದವು. ಆಗಿನ ಮೈಸೂರು ಜಿಲ್ಲೆಯ ಶಾಸನಗಳು ಇವುಗಳಲ್ಲಿವೆ. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಪರಿಷ್ಕೃತ ಸಂಪುಟಗಳನ್ನು ಹೊರತಂದಿತು. ಅವುಗಳ ಆರನೆಯ ಸಂಪುಟದಲ್ಲಿ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳೂ, ಏಳನೆಯದರಲ್ಲಿ ನಾಗಮಂಗಲ, ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳೂ ಸೇರಿವೆ. ಮೈಸೂರು, ತಿರುಮಕೂಡಲು ನರಸೀಪುರ ಮತ್ತು ಕೃಷ್ಣರಾಜನಗರದವರು ಐದನೆಯ ಸಂಪುಟವನ್ನು ನೋಡಬೇಕು. ಇವುಗಳ ಜೊತೆಗೆ 1885ರಲ್ಲಿ ಆರಂಭವಾದ ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳಿವೆ; ಆರ್. ನರಸಿಂಹಾಚಾರ್ಯರು ಮತ್ತು ಎಂ. ಎಚ್. ಕೃಷ್ಣ ಅವರ ಕಾಲದ ವರದಿಗಳಲ್ಲಿ ಸಣ್ಣಪುಟ್ಟ ಹಳ್ಳಿಗಳ ಗುಡಿಗಳ ವರ್ಣನೆಯೂ ದೊರೆಯುತ್ತದೆ.

ಇಲ್ಲಿ ಹೊಸಬರು ಎಡವುವ ಜಾಗವೊಂದಿದೆ. ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ. ರೈಸ್ ಅವರ ಕಾಲದಲ್ಲಿ ಇಂದಿನ ಮದ್ದೂರು ತಾಲ್ಲೂಕಿನ ಊರುಗಳು ಮಂಡ್ಯ ತಾಲ್ಲೂಕಿನೊಳಗೆ ಇದ್ದುದರಿಂದ, ಪ್ರಸಿದ್ಧವಾದ ಆತಕೂರು ಶಾಸನ ಹಳೆಯ ಸಂಪುಟದಲ್ಲಿ ಮಂಡ್ಯ 41 ಎಂಬ ಸಂಖ್ಯೆಯಲ್ಲಿದೆ. ಪರಿಷ್ಕೃತ ಸಂಪುಟದ ಸಂಖ್ಯೆಗಳು ಬೇರೆ. ಆದ್ದರಿಂದ ಶಾಸನವನ್ನು ಉಲ್ಲೇಖಿಸುವಾಗ ಸಂಪುಟ, ಅದು ಹಳೆಯದೋ ಪರಿಷ್ಕೃತವೋ, ತಾಲ್ಲೂಕು, ಸಂಖ್ಯೆ ಈ ನಾಲ್ಕನ್ನೂ ಬರೆಯಬೇಕು. ಇಲ್ಲವಾದರೆ ಮುಂದೆ ಓದುವವರು ಬೇರೆಯೇ ಶಾಸನವನ್ನು ತೆರೆದು ಕೂರುತ್ತಾರೆ.

ಆತಕೂರು ಶಾಸನವನ್ನು ಒಮ್ಮೆ ಪೂರ್ತಿ ಓದಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ, ಏಕೆಂದರೆ ಹಳ್ಳಿಯ ಗುಡಿಯ ಮುಂದಿನ ಒಂದು ಕಲ್ಲು ಎಷ್ಟೆಲ್ಲ ಹೇಳಬಲ್ಲದೆಂಬುದು ಅಲ್ಲಿ ಕಾಣುತ್ತದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರ ರಾಜಾದಿತ್ಯನ ಮೇಲೆ ಯುದ್ಧ ಮಾಡಿದಾಗ ಗಂಗರ ಬೂತುಗ ಕೃಷ್ಣನ ಪರವಾಗಿ ಕಾದಿದನು. ಬೂತುಗನ ಸೇವೆಯಲ್ಲಿದ್ದ ಮಣಲೇರ ತನ್ನ ಶೌರ್ಯಕ್ಕೆ ಬಹುಮಾನವಾಗಿ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಯ ಹೊಣೆ ಹೊತ್ತ ಗೊರವ (ಶೈವ ಪೂಜಾರಿ) ಆ ಕಲ್ಲನ್ನು ಪೂಜಿಸದೆ ಉಣ್ಣಬಾರದೆಂದು ಕಟ್ಟು ಮಾಡಲಾಯಿತು. ಚಕ್ರವರ್ತಿಯ ಯುದ್ಧ, ಸಾಮಂತನ ಸೇವೆ, ಒಂದು ನಾಯಿಯ ಸಾವು, ಊರ ಗುಡಿಯ ದಿನನಿತ್ಯದ ಪೂಜೆ ಎಲ್ಲವೂ ಒಂದೇ ಕಲ್ಲಿನ ಮೇಲಿವೆ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಿಮ್ಮ ಊರಿನಿಂದಲೂ ಕಲ್ಲೊಂದು ಹೀಗೆ ಬೇರೆಡೆಗೆ ಹೋಗಿರಬಹುದಾದ್ದರಿಂದ, ಸಂಪುಟದಲ್ಲಿ ಹೇಳಿರುವ ಜಾಗದಲ್ಲಿ ಕಲ್ಲು ಸಿಗದಿದ್ದರೆ ವಸ್ತುಸಂಗ್ರಹಾಲಯಗಳಲ್ಲಿಯೂ ವಿಚಾರಿಸಿ.

ಮೂರನೆಯ ಹಂತ: ಕಲ್ಲುಗಳನ್ನು ನೋಡುವುದು

ಗುಡಿಯ ಸುತ್ತ ಬಲಗಡೆಯಿಂದ ಆರಂಭಿಸಿ, ಮುಖಮಂಟಪ, ನವರಂಗ (ನಡುವಿನ ಕಂಬಗಳ ಮಂಟಪ), ಸುಕನಾಸಿ (ಗರ್ಭಗುಡಿಯ ಮುಂದಿನ ಕೋಣೆ), ಗರ್ಭಗುಡಿಯ ಹೊರಗೋಡೆ, ಗರುಡಗಂಬ ಅಥವಾ ನಂದಿಯ ಕಂಬ, ಬಲಿಪೀಠ ಎಂದು ಕ್ರಮವಾಗಿ ಬರೆದುಕೊಂಡು ಹೋಗಿ. ಒಂದು ಸರಳ ನೆಲನಕ್ಷೆ ಬರೆದು ಪ್ರತಿ ಕಂಬಕ್ಕೂ ಸಂಖ್ಯೆ ಕೊಡಿ. ಮೆದುವಾದ ಬಳಪದ ಕಲ್ಲೋ ಗಟ್ಟಿಯಾದ ಕಣಶಿಲೆಯೋ (ಗ್ರಾನೈಟ್) ಎಂಬುದನ್ನು ಗುರುತಿಸಿ. ನುಣುಪಾಗಿ ಕಡೆದಂತಿರುವ ದುಂಡು ಕಂಬಗಳೂ ನಕ್ಷತ್ರಾಕಾರದ ತಳಪಾಯವೂ ಹೊಯ್ಸಳರ ಕಾಲವನ್ನು ಸೂಚಿಸುತ್ತವೆ, ಆದರೆ ಕಂಬವೊಂದನ್ನು ನೋಡಿ ಇಡೀ ಗುಡಿಯ ಕಾಲ ನಿರ್ಧರಿಸಬಾರದು. ಹೊಯ್ಸಳರ ಗರ್ಭಗುಡಿಯ ಮುಂದೆ ವಿಜಯನಗರದ ಕಾಲದ ಮಂಟಪ, ಅದರ ಮುಂದೆ ಒಡೆಯರ ಕಾಲದ ಗಾರೆಯ ಗೋಪುರ, ಅದಕ್ಕೆ ತಾಗಿ ಇತ್ತೀಚಿನ ಸಿಮೆಂಟಿನ ಚಾವಣಿ ಇರುವ ಗುಡಿಗಳು ನಮ್ಮಲ್ಲಿ ಹೆಚ್ಚು. ಗುಡಿಯೇ ಸ್ಥಳ ಬದಲಿಸಿರುವುದೂ ಉಂಟು: ಕೃಷ್ಣರಾಜಸಾಗರದ ನೀರಿನಲ್ಲಿ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯವನ್ನು ಬಿಚ್ಚಿ, ಹೊಸಕನ್ನಂಬಾಡಿಯಲ್ಲಿ ಮತ್ತೆ ಕಟ್ಟಲಾಗಿದೆ.

ಗುಡಿಯ ಹೊರಗಿನ ಕಲ್ಲುಗಳನ್ನು ಬಿಡಬೇಡಿ. ಕೆಳಗೆ ಯುದ್ಧ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ ಇದ್ದರೆ ಅದು ವೀರಗಲ್ಲು. ಬಳೆ ತೊಟ್ಟ ಕೈಯೊಂದು ಮೇಲಕ್ಕೆತ್ತಿದ್ದರೆ ಮಾಸ್ತಿಕಲ್ಲು. ಹೊಲದ ಬದುವಿನಲ್ಲಿ ಲಿಂಗ ಅಥವಾ ವಾಮನನನ್ನು ಕೆತ್ತಿದ ಸಣ್ಣ ಕಲ್ಲಿದ್ದರೆ ಅದು ದೇವರಿಗೆ ಬಿಟ್ಟ ಭೂಮಿಯ ಎಲ್ಲೆಕಲ್ಲು. ಈ ಮೂರನೆಯ ಬಗೆಯವು ಉಳುಮೆಯ ಟ್ರ್ಯಾಕ್ಟರಿಗೆ ಸಿಕ್ಕಿ ಬೇಗ ನಾಶವಾಗುತ್ತಿವೆ, ಅವುಗಳ ಜಾಗವನ್ನು ಸರ್ವೆ ನಂಬರಿನೊಂದಿಗೆ ಬರೆದಿಡಿ.

ಶಾಸನದ ಅಕ್ಷರ ಮಾಸಿದ್ದರೆ ಅದರ ಮೇಲೆ ಸೀಮೆಸುಣ್ಣ, ಎಣ್ಣೆ, ಕುಂಕುಮ, ಹಿಟ್ಟು ಯಾವುದನ್ನೂ ಉಜ್ಜಬೇಡಿ. ತಂತಿಯ ಬ್ರಷ್ಷಿನಿಂದ ಕೆರೆಯಬೇಡಿ. ಮೆತ್ತನೆಯ ಬಟ್ಟೆಯಿಂದ ಧೂಳು ಒರೆಸಿ, ಸಂಜೆಯ ಹೊತ್ತು ಹೋಗಿ, ಕಲ್ಲಿನ ಒಂದು ಪಕ್ಕಕ್ಕೆ ಟಾರ್ಚನ್ನು ಬಹುತೇಕ ತಾಗಿಸಿದಂತೆ ಹಿಡಿಯಿರಿ. ಅಡ್ಡಬೆಳಕು ಹರಿದ ಕೂಡಲೇ ಪ್ರತಿ ಗೆರೆಯ ಒಂದು ಅಂಚು ಕಪ್ಪಾಗಿ, ಮಧ್ಯಾಹ್ನ ಬರಿಯ ಒರಟುಗಲ್ಲೆಂದು ತೋರುತ್ತಿದ್ದ ಕಡೆ ಸ್ವಸ್ತಿ ಶ್ರೀ ಎಂಬ ಮೊದಲ ಅಕ್ಷರಗಳು ಎದ್ದು ಕಾಣುತ್ತವೆ. ಟಾರ್ಚನ್ನು ನಾಲ್ಕೂ ಕಡೆಯಿಂದ ಹಿಡಿದು ನಾಲ್ಕು ಚಿತ್ರ ತೆಗೆಯಿರಿ, ಪಕ್ಕದಲ್ಲಿ ಅಳತೆಪಟ್ಟಿ ಇಡಿ. ಕಾಗದದ ಅಚ್ಚು ತೆಗೆಯುವುದು ಅಭ್ಯಾಸವಿರುವವರ ಕೆಲಸ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಶಾಸನಶಾಸ್ತ್ರ ವಿಭಾಗವೂ ರಾಜ್ಯ ಪುರಾತತ್ವ ಇಲಾಖೆಯ ಕೇಂದ್ರ ಕಚೇರಿಯೂ ಮೈಸೂರಿನಲ್ಲಿಯೇ ಇರುವುದು ನಮ್ಮ ಸೀಮೆಯವರಿಗೆ ದೊಡ್ಡ ಅನುಕೂಲ. ಅಕ್ಷರ ತಮಿಳಾಗಿ ಕಂಡರೆ ಆಶ್ಚರ್ಯಪಡಬೇಕಾಗಿಲ್ಲ. ವಿಷ್ಣುವರ್ಧನನು ತಲಕಾಡನ್ನು ಗೆಲ್ಲುವವರೆಗೆ, ಅಂದರೆ ಹನ್ನೊಂದನೆಯ ಶತಮಾನದ ಮೊದಲಿನಿಂದ ನೂರಕ್ಕೂ ಹೆಚ್ಚು ವರ್ಷ, ಈ ಪ್ರದೇಶ ಚೋಳರ ವಶದಲ್ಲಿತ್ತು. ಆಮೇಲೂ ತೊಣ್ಣೂರಿನಂಥ ಕಡೆ ಹೊಯ್ಸಳರ ಕಾಲದಲ್ಲಿ ತಮಿಳು ಶಾಸನಗಳನ್ನು ಹಾಕಿಸಿದ್ದಾರೆ.

ಕಾಲ ಲೆಕ್ಕಹಾಕುವಾಗ ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ. ಆದರೆ ಶಕವರ್ಷ ಯುಗಾದಿಯಿಂದ ಯುಗಾದಿಗೆ ನಡೆಯುವುದರಿಂದಲೂ, ಕೆಲವು ಶಾಸನಗಳು ನಡೆಯುತ್ತಿರುವ ವರ್ಷವನ್ನು, ಕೆಲವು ಕಳೆದ ವರ್ಷವನ್ನು ಹೇಳುವುದರಿಂದಲೂ ಒಂದು ವರ್ಷದ ವ್ಯತ್ಯಾಸ ಬರುತ್ತದೆ. ಆತಕೂರಿನ ಶಾಸನದಲ್ಲಿ ಶಕ 872, ಸೌಮ್ಯ ಸಂವತ್ಸರ ಎಂದಿದ್ದರೂ ವಿದ್ವಾಂಸರು 949–50 ಎಂದೇ ಬರೆಯುತ್ತಾರೆ. ಬರಿಯ ಸಂವತ್ಸರದ ಹೆಸರಷ್ಟೇ ಇದ್ದರೆ ಅದು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುವುದೆಂಬುದನ್ನು ನೆನಪಿಡಿ. ರಾಜನ ಹೆಸರೋ ದಂಡನಾಯಕನ ಹೆಸರೋ ಇಲ್ಲದೆ ಕಾಲ ನಿಶ್ಚಯಿಸಲಾಗದು.

ಗಂಟೆ, ದೀಪಾಲೆ ಕಂಬ, ಬೆಳ್ಳಿಯ ಮುಖವಾಡ, ಹಿತ್ತಾಳೆಯ ಕೊಳಗ ಇವುಗಳ ಮೇಲಿನ ಬರಹವನ್ನೂ ಓದಿ. ಎಷ್ಟೋ ಊರುಗಳಲ್ಲಿ ಕಳೆದ ಶತಮಾನದ ದಾನಿಗಳ ಹೆಸರು ಉಳಿದಿರುವುದು ಅಲ್ಲಿ ಮಾತ್ರ.

ನಾಲ್ಕನೆಯ ಹಂತ: ಕಾಗದಪತ್ರ

ದೇವರ ಹೆಸರಿನಲ್ಲಿದ್ದ ಇನಾಂ ಜಮೀನುಗಳು 1955ರ ಮೈಸೂರು ಧಾರ್ಮಿಕ ಮತ್ತು ಧರ್ಮಾದಾಯ ಇನಾಂ ರದ್ದತಿ ಕಾಯ್ದೆಯಿಂದ ಹೋದವು, ಅವುಗಳ ಬದಲಿಗೆ ಸರ್ಕಾರ ಪ್ರತಿವರ್ಷ ಕೊಡುವ ಹಣವಾದ ತಸ್ತೀಕು ಬರತೊಡಗಿತು. ನಿಮ್ಮ ಗುಡಿಗೆ ತಸ್ತೀಕು ಬರುತ್ತಿದ್ದರೆ ಒಂದು ಕಾಲದಲ್ಲಿ ಅದಕ್ಕೆ ಜಮೀನಿತ್ತೆಂದು ತಿಳಿಯಬಹುದು, ತಾಲ್ಲೂಕು ಕಚೇರಿಯ ಹಳೆಯ ಕಡತಗಳಲ್ಲಿ ಆ ಜಮೀನಿನ ಸರ್ವೆ ನಂಬರುಗಳನ್ನು ಹುಡುಕಬಹುದು. ಅವು ಶಾಸನದಲ್ಲಿ ಹೇಳಿದ ಕೆರೆಯ ಕೆಳಗಿನ ಗದ್ದೆಗೆ ಹೊಂದಿದರೆ, ನೂರಾರು ವರ್ಷ ಒಂದೇ ಭೂಮಿ ಒಂದೇ ದೇವರಿಗೆ ನಡೆದುಬಂದದ್ದಕ್ಕೆ ಸಾಕ್ಷಿ ಸಿಕ್ಕಂತಾಗುತ್ತದೆ. ಹಳೆಯ ಶಾನುಭೋಗರ, ಪಟೇಲರ ಮನೆಗಳಲ್ಲಿ ಉಳಿದ ಕಡತ, ಹಬ್ಬದ ವಂತಿಗೆಯ ಲೆಕ್ಕದ ಪುಸ್ತಕ, ಜಾತ್ರೆಯ ಕರಪತ್ರಗಳನ್ನು ಅಲ್ಲಿಯೇ ಕುಳಿತು ಚಿತ್ರ ತೆಗೆದು ಹಿಂದಿರುಗಿಸಿ. ಮೂಲವನ್ನು ಮನೆಗೆ ಒಯ್ಯಬೇಡಿ.

ಐದನೆಯ ಹಂತ: ಹಬ್ಬ

ಎಲ್ಲಕ್ಕಿಂತ ಹೆಚ್ಚು ಸಮಯ ಬೇಡುವ ಹಂತ ಇದು. ಆಗಮದ ಪ್ರಕಾರ ಅರ್ಚಕರು ನಡೆಸುವ ರಥೋತ್ಸವದ ಕ್ರಮವೇ ಬೇರೆ, ಊರಿನವರೆಲ್ಲ ಸೇರಿ ನಡೆಸುವ ಮಾರಮ್ಮನ ಹಬ್ಬದ ಕ್ರಮವೇ ಬೇರೆ. ಮೊದಲನೆಯದಕ್ಕೆ ಧ್ವಜಾರೋಹಣದಿಂದ ಕೊನೆಯ ಪವಿತ್ರ ಸ್ನಾನವಾದ ಅವಭೃಥದವರೆಗೆ ಪಂಚಾಂಗ ಮತ್ತು ಆಹ್ವಾನಪತ್ರಿಕೆಯ ಆಧಾರವಿರುತ್ತದೆ. ಎರಡನೆಯದಕ್ಕೆ ಊರಿನ ನೆನಪೇ ಆಧಾರ.

ದಿನ ಗೊತ್ತಾಗುವ ಬಗೆಯನ್ನು ಮೊದಲು ಬರೆಯಿರಿ. ಮಾಸ, ಪಕ್ಷ, ತಿಥಿ, ನಕ್ಷತ್ರದಿಂದ ನಿಗದಿಯಾಗುವುದೋ, ಯುಗಾದಿ ಕಳೆದ ಇಂತಿಷ್ಟನೆಯ ಮಂಗಳವಾರ ಎಂದಿದೆಯೋ, ಸುಗ್ಗಿ ಮುಗಿದ ಮೇಲೆ ಯಜಮಾನರು ಸೇರಿ ತೀರ್ಮಾನಿಸುವುದೋ ಕೇಳಿ. ತಲಕಾಡಿನ ಪಂಚಲಿಂಗ ದರ್ಶನದಂತೆ ಕಾರ್ತಿಕ ಮಾಸದ ಯೋಗ ಕೂಡಿಬಂದಾಗ ಮಾತ್ರ ನಡೆಯುವ, 2009, 2013, 2020ರಲ್ಲಿ ನಡೆದಂಥ ಉತ್ಸವಗಳೂ ಇರುವುದರಿಂದ, ಕೇವಲ ತಾರೀಖು ಬರೆದರೆ ಸಾಲದು, ನಿಯಮವನ್ನೂ ಬರೆಯಬೇಕು.

ನಮ್ಮ ಭಾಗದ ಕೊಂಡದ ಹಬ್ಬವನ್ನು, ಅಂದರೆ ಕೆಂಡದ ಮೇಲೆ ನಡೆಯುವ ಹಬ್ಬವನ್ನು, ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅರಳಿಕಟ್ಟೆಯ ಮೇಲೆ ಯಜಮಾನರು ಸೇರಿ ದಿನ ನಿಗದಿ ಮಾಡುತ್ತಾರೆ, ತಮಟೆ ಹೊಡೆದು ಹಬ್ಬ ಸಾರುತ್ತಾರೆ. ಸಾರಿದ ಮೇಲೆ ಊರಿಗೆ ಕಟ್ಟುಪಾಡು ಬರುತ್ತದೆ: ಮಾಂಸ ಬೇಯಿಸುವಂತಿಲ್ಲ, ಕೆಲವು ಊರುಗಳಲ್ಲಿ ಒಗ್ಗರಣೆಯನ್ನೂ ಹಾಕುವಂತಿಲ್ಲ, ಊರಿನವರು ರಾತ್ರಿ ಬೇರೆ ಊರಿನಲ್ಲಿ ತಂಗುವಂತಿಲ್ಲ. ಕೊಂಡಕ್ಕೆ ಸೌದೆಯನ್ನು ಸಿಂಗರಿಸಿದ ಎತ್ತಿನ ಗಾಡಿಗಳಲ್ಲಿ ತರುತ್ತಾರೆ. ಹೂ ಹೊಂಬಾಳೆಯ ಶಾಸ್ತ್ರಕ್ಕೆ ಕೆರೆಗೋ ಹೊಳೆಗೋ ಹೋಗಿ, ದೇವರ ಬಿರುದುಗಳಾದ ಸತ್ತಿಗೆ, ಸೂರಿಪಾನಿಗಳೊಡನೆ, ದೇವಿಯ ಮುಖವಿರಿಸಿ ತಲೆಯ ಮೇಲೆ ಹೊರುವ ಪೂಜೆಗಳೊಡನೆ ರಾತ್ರಿ ಮೆರವಣಿಗೆ ಬರುತ್ತದೆ; ಪೂಜಾ ಕುಣಿತ, ಪಟದ ಕುಣಿತ, ವೀರಗಾಸೆಯವರು ಮುಂದೆ ಇರುತ್ತಾರೆ. ಬೆಳಗಿನ ಜಾವಕ್ಕೆ ಕೊಂಡ ಹಾಯುವುದು ನಡೆಯುತ್ತದೆ. ಹೆಣ್ಣುಮಕ್ಕಳು ತಂಬಿಟ್ಟಿನ ಆರತಿ ಹೊತ್ತು ಬರುತ್ತಾರೆ. ಇಷ್ಟನ್ನು ಯಾರಾದರೂ ಬರೆಯಬಲ್ಲರು. ನಿಮ್ಮ ಊರಿನ ದಾಖಲೆಯಲ್ಲಿ ಇರಬೇಕಾದದ್ದು ಇದರ ಒಳಗಿನ ವಿವರ: ಮೊದಲ ಗಾಡಿ ಯಾವ ಮನೆಯದು, ಕೊಂಡಕ್ಕೆ ಬೆಂಕಿ ಹಚ್ಚುವ ಹಕ್ಕು ಯಾರದು, ತಮಟೆಯ ಮೊದಲ ಪೆಟ್ಟು ಎಲ್ಲಿ ನಿಂತು ಹೊಡೆಯುತ್ತಾರೆ, ಮೆರವಣಿಗೆ ಯಾವ ಬೀದಿಯಲ್ಲಿ ನಿಲ್ಲುತ್ತದೆ, ಯಾವ ಬೀದಿಗೆ ಹೋಗುವುದೇ ಇಲ್ಲ, ತಂಬಿಟ್ಟಿಗೆ ಅಕ್ಕಿ ನೆನೆಸುವವರು ಹಿಂದಿನ ದಿನ ಏನೇನು ನೇಮ ಹಿಡಿಯುತ್ತಾರೆ.

ಆದ್ದರಿಂದ ಪ್ರಶ್ನೆಗಳೂ ಹಾಗೆಯೇ ಇರಬೇಕು. ‘ತಾತ, ಈ ಹಬ್ಬದ ಮಹತ್ವ ಏನು’ ಎಂದು ಕೇಳಿದರೆ ಎಲ್ಲ ಊರಿನಲ್ಲೂ ಸಿಗುವ ಉತ್ತರವೇ ಸಿಗುತ್ತದೆ. ‘ಹೋದ ಸಲ ಸೌದೆ ಗಾಡಿ ಯಾರ ಮನೆ ಮುಂದಿಂದ ಹೊರಟಿತು ತಾತ, ನೀವು ಹುಡುಗರಾಗಿದ್ದಾಗ ಯಾರ ಮನೆಯಿಂದ ಹೊರಡುತ್ತಿತ್ತು’ ಎಂದು ಕೇಳಿದರೆ, ಎರಡು ಮನೆತನಗಳ ಕಥೆ, ನಡುವೆ ಹಬ್ಬ ನಿಂತುಹೋದ ವರ್ಷಗಳು, ಮತ್ತೆ ಆರಂಭವಾದ ಕಾರಣ ಎಲ್ಲವೂ ಹೊರಬರುತ್ತವೆ. ಹೆಂಗಸರನ್ನು ಬೇರೆಯಾಗಿ, ಅವರ ಅಡುಗೆಮನೆಯ ಜಗಲಿಯಲ್ಲಿಯೇ ಕುಳಿತು ಕೇಳಿ. ಗಂಡಸರು ಮೆರವಣಿಗೆಯನ್ನು ಹೇಳುತ್ತಾರೆ. ಆರತಿ, ಎಡೆ, ಹರಕೆ, ಮಡಿಯ ಲೆಕ್ಕವೆಲ್ಲ ಅಜ್ಜಿಯರ ಬಳಿ ಇರುತ್ತದೆ. ತವರಿನ ಹಬ್ಬಕ್ಕೆ ಬರುವ ಹೆಣ್ಣುಮಕ್ಕಳನ್ನೂ ಕೇಳಿ, ಎರಡು ಊರುಗಳ ಕ್ರಮ ಬಲ್ಲವರಾದ್ದರಿಂದ ವ್ಯತ್ಯಾಸ ಅವರಿಗೆ ಬೇಗ ಕಾಣುತ್ತದೆ.

ತಮಟೆಯವರು, ಕುಳವಾಡಿ, ಮಡಿವಾಳರು, ಕುಂಬಾರರು, ತೋಟಿ ತಳವಾರರು ಇವರೆಲ್ಲರ ಮಾತನ್ನೂ ಅವರವರ ಮನೆಗೆ ಹೋಗಿ ಕೇಳಬೇಕು. ಅವರಿಲ್ಲದೆ ಹಬ್ಬ ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ, ಆದರೂ ಅಚ್ಚಾಗುವ ಕ್ಷೇತ್ರಮಹಿಮೆಗಳಲ್ಲಿ ಅವರ ಹೆಸರು ಬರುವುದು ಅಪರೂಪ. ಯಾರಿಗೆ ಗುಡಿಯೊಳಗೆ ಪ್ರವೇಶವಿರಲಿಲ್ಲ, ಅದು ಬದಲಾದದ್ದು ಯಾವಾಗ, ಇಂದಿಗೂ ಬದಲಾಗದೆ ಉಳಿದದ್ದು ಏನು ಎಂಬುದನ್ನು ಮುಚ್ಚಿಡದೆ ಬರೆಯಿರಿ. ಊರಿನ ಮರ್ಯಾದೆಗೆಂದು ಇದನ್ನು ಬಿಟ್ಟ ದಾಖಲೆಯನ್ನು ನಾನು ಪೂರ್ಣವೆಂದು ಒಪ್ಪಲಾರೆ.

ಹಬ್ಬದ ದಿನ ಒಬ್ಬರೇ ಎಲ್ಲವನ್ನೂ ನೋಡಲಾಗದು. ಒಬ್ಬರು ಮೆರವಣಿಗೆಯೊಡನೆ ನಡೆದು ಗಂಟೆ ಮತ್ತು ಜಾಗ ಬರೆಯಲಿ, ಒಬ್ಬರು ಗುಡಿಯ ಬಳಿಯೇ ಇರಲಿ, ಒಬ್ಬರು ಧ್ವನಿಮುದ್ರಣ ಮಾಡಲಿ. ಮೈಮೇಲೆ ದೇವರು ಬಂದಿರುವವರ ಮುಖಕ್ಕೆ ಕ್ಯಾಮೆರಾ ಒಡ್ಡಬೇಡಿ. ಮೇಲುಕೋಟೆಯ ದೇವರ ವಜ್ರಕಿರೀಟವಾದ ವೈರಮುಡಿಯನ್ನು ಮಂಡ್ಯದ ಖಜಾನೆಯಿಂದ ಹೊರತೆಗೆದು ಒಯ್ಯುವಾಗ ದಾರಿಯ ಊರುಗಳಲ್ಲಿ ಪೂಜೆ ನಡೆಯುವಂತೆ, ಸಣ್ಣ ಊರಿನ ಹಬ್ಬಕ್ಕೂ ನೆರೆಯೂರಿನ ಪಾಲಿರುತ್ತದೆ. ಅಕ್ಕತಂಗಿ ದೇವರುಗಳು ಯಾವ ಯಾವ ಊರಿನಿಂದ ಬರುತ್ತವೆ, ಅವನ್ನು ಎದುರುಗೊಳ್ಳುವ ಎಲ್ಲೆ ಯಾವುದು ಎಂಬುದನ್ನು ನಕ್ಷೆಯಲ್ಲಿ ಗುರುತಿಸಿ.

ಆರನೆಯ ಹಂತ: ಬರೆಯುವುದು

ನಾಲ್ಕು ಬಗೆಯ ಮಾತನ್ನು ನಾಲ್ಕು ಬಗೆಯಾಗಿಯೇ ಬರೆಯಬೇಕು: ಕಲ್ಲಿನಲ್ಲಿ ಇರುವುದು, ಕಾಗದದಲ್ಲಿ ಇರುವುದು, ಹಿರಿಯರು ಹೇಳಿದ್ದು, ನೀವು ಕಣ್ಣಾರೆ ಕಂಡದ್ದು. ಜಕಣಾಚಾರಿ ಒಂದೇ ರಾತ್ರಿಯಲ್ಲಿ ಕಟ್ಟಿದನೆಂದೋ, ಪಾಂಡವರು ವನವಾಸದಲ್ಲಿ ಲಿಂಗ ಸ್ಥಾಪಿಸಿದರೆಂದೋ ಊರಿನವರು ಹೇಳಿದರೆ ಅದನ್ನು ಅವರ ಮಾತಿನಲ್ಲಿಯೇ, ಅವರು ಹೇಳಿದ್ದೆಂದೇ ಬರೆಯಿರಿ. ಶಾಸನದ ಮಾತಿನೊಡನೆ ಬೆರೆಸಬೇಡಿ. ಸೋಮನಾಥಪುರದಲ್ಲಿ ಮಲ್ಲಿತಮ್ಮನಂಥ ಶಿಲ್ಪಿಗಳು ತಮ್ಮ ಹೆಸರನ್ನು ಕೆತ್ತಿಯೇ ಹೋಗಿದ್ದಾರೆ. ನಿಮ್ಮ ಗುಡಿಯ ವಿಗ್ರಹಗಳ ಪೀಠದಲ್ಲಿಯೂ ಅಂಥ ಹೆಸರಿದೆಯೇ ಎಂದು ಹುಡುಕಿ, ಇದ್ದರೆ ಅದನ್ನೇ ಬರೆಯಿರಿ. ಹಾಗೆಂದು ಶಾಸನದ ಆಧಾರದಿಂದ ಊರಿನ ಕಥೆಯನ್ನು ತಿದ್ದಲೂ ಹೋಗಬೇಡಿ. ಕಿಕ್ಕೇರಿಯ ಗುಡಿಯನ್ನು 1171ರಲ್ಲಿ ಬಮ್ಮವ್ವೆ ನಾಯಕಿತಿ ಕಟ್ಟಿಸಿದಳೆಂಬುದೂ, ಬಸರಾಳಿನದನ್ನು 1234ರಲ್ಲಿ ಹರಿಹರ ದಂಡನಾಯಕ ಕಟ್ಟಿಸಿದನೆಂಬುದೂ ಕಲ್ಲಿನಿಂದ ತಿಳಿದದ್ದು. ಆ ದೇವರು ಊರಿನವರಿಗೆ ಏನಾಗಿದ್ದಾನೆಂಬುದನ್ನು ಊರಿನವರೇ ಹೇಳಬೇಕು.

ಹಕ್ಕು, ಮರ್ಯಾದೆಗಳ ವಿಷಯದಲ್ಲಿ ಎರಡು ಮನೆತನಗಳು ಬೇರೆ ಬೇರೆ ಹೇಳಿದರೆ ಎರಡನ್ನೂ ಬರೆಯಿರಿ, ತೀರ್ಪು ಕೊಡಬೇಡಿ. ಒಡವೆಗಳ ತೂಕ, ಅವುಗಳನ್ನು ಇಡುವ ಜಾಗ, ಹೊಲದ ನಡುವಿನ ಪಾಳುಗುಡಿಯ ನಿಖರವಾದ ದಾರಿ ಇವನ್ನು ಅಚ್ಚಿಗೆ ಕೊಡಬಾರದು; ನಿಧಿಯಾಸೆಗೆ ಗರ್ಭಗುಡಿಯನ್ನೇ ಅಗೆಯುವವರು ನಮ್ಮ ಸೀಮೆಯಲ್ಲಿ ಕಡಿಮೆಯಿಲ್ಲ.

ಏಳನೆಯ ಹಂತ: ಜೀರ್ಣೋದ್ಧಾರಕ್ಕೆ ಮುನ್ನ

ನಿಮ್ಮ ದಾಖಲೆ ಮುಗಿಯುವ ಹೊತ್ತಿಗೆ ಊರಿನಲ್ಲಿ ಜೀರ್ಣೋದ್ಧಾರದ ಮಾತು ಏಳುವುದು ಸಾಮಾನ್ಯ. ಶ್ರದ್ಧೆಯಿಂದಲೇ ಮಾಡಿದ ಕೆಲಸದಲ್ಲಿ ಗುಡಿಯನ್ನು ಹೆಚ್ಚು ಹಾಳುಮಾಡುವಂಥವು ಮೂರು: ಕಂಬಗಳಿಗೆ ಎನಾಮಲ್ ಬಣ್ಣ ಬಳಿಯುವುದು, ಮರಳು ಸಿಡಿಸಿ ಕಲ್ಲು ತೊಳೆಯುವುದು, ಶಾಸನವಿರುವ ತಳಪಾಯವನ್ನು ಟೈಲ್ಸಿನ ಅಡಿಗೆ ಸೇರಿಸುವುದು. ಬಳಪದ ಕಲ್ಲು ಮೆದುವಾದ್ದರಿಂದ ಮರಳಿನ ಹೊಡೆತಕ್ಕೆ ಸೂಕ್ಷ್ಮ ಕೆತ್ತನೆ ಅಳಿಸಿಹೋಗುತ್ತದೆ, ಅದು ಮತ್ತೆ ಬರುವುದಿಲ್ಲ. ಸಭೆಯಲ್ಲಿ ನಿಮ್ಮ ನೆಲನಕ್ಷೆ ಮತ್ತು ಚಿತ್ರಗಳನ್ನು ತೋರಿಸಿ, ಎಲ್ಲೆಲ್ಲಿ ಅಕ್ಷರವಿದೆಯೆಂದು ಹೇಳಿ, ಕೆಲಸಕ್ಕೆ ಮೊದಲು ಪುರಾತತ್ವ ಇಲಾಖೆಯವರನ್ನು ಕರೆಸಿ. ಕೇಂದ್ರದ ಸಂರಕ್ಷಿತ ಸ್ಮಾರಕವಾದರೆ ಸುತ್ತ 100 ಮೀಟರು ನಿಷೇಧಿತ, ಅದರಾಚೆ 200 ಮೀಟರು ನಿಯಂತ್ರಿತ ಪ್ರದೇಶವೆಂಬುದೂ ಊರಿನವರಿಗೆ ಮೊದಲೇ ತಿಳಿದಿರಲಿ. ಬಟ್ಟೆ ಒಗೆಯುವ ಕಲ್ಲಾಗಿಯೋ ಚರಂಡಿಯ ಹಾಸಾಗಿಯೋ ಬಿದ್ದಿರುವ ಶಾಸನವನ್ನು ನೀವೇ ಎತ್ತಿಸಬೇಡಿ, ಗ್ರಾಮ ಪಂಚಾಯಿತಿಗೂ ಇಲಾಖೆಗೂ ಬರೆದು ತಿಳಿಸಿ.

ಅಚ್ಚಿಗೆ ಕೊಡುವ ಮುನ್ನ ಇಡೀ ಬರಹವನ್ನು ಒಂದು ಸಂಜೆ ಗುಡಿಯ ಮುಂದೆ ಊರಿನವರಿಗೆ ಗಟ್ಟಿಯಾಗಿ ಓದಿ ಹೇಳಿ, ಅವರ ತಿದ್ದುಪಡಿಗಳನ್ನು ಹೇಳಿದವರ ಹೆಸರಿನೊಡನೆ ಸೇರಿಸಿ. ಹೆಸರು ಬೇಡವೆಂದವರದ್ದನ್ನು ಬಿಡಿ. ಪ್ರತಿಗಳು ದೇವಸ್ಥಾನದಲ್ಲಿ, ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ, ಊರಿನ ಶಾಲೆಯಲ್ಲಿ ಮತ್ತು ಮಾನಸಗಂಗೋತ್ರಿಯ ಕನ್ನಡ ಅಧ್ಯಯನ ಸಂಸ್ಥೆಯಲ್ಲಿ ಇರಲಿ. ಧ್ವನಿ ಮತ್ತು ಚಿತ್ರಗಳ ಕಡತಗಳಿಗೆ ಊರು, ತಾರೀಖು, ವಿಷಯ ಸೇರಿಸಿ ಹೆಸರಿಟ್ಟು ಎರಡು ಕಡೆ ಉಳಿಸಿ. ದೇವಸ್ಥಾನದ ಪ್ರತಿಯ ಕೊನೆಯಲ್ಲಿ ಕೆಲವು ಖಾಲಿ ಹಾಳೆ ಬಿಟ್ಟು, ಪ್ರತಿ ವರ್ಷ ಹಬ್ಬ ಮುಗಿದ ವಾರದೊಳಗೆ ಆ ವರ್ಷ ಕ್ರಮದಲ್ಲಿ ಆದ ಬದಲಾವಣೆಯನ್ನೂ ಅದಕ್ಕೆ ಕಾರಣವನ್ನೂ ತಾರೀಖಿನೊಡನೆ ಬರೆದು, ಯಜಮಾನರಿಂದಲೂ ಅರ್ಚಕರಿಂದಲೂ ರುಜು ಹಾಕಿಸಿ.